ಅವ್ವನ ಚೆಕ್ ಬುಕ್ಕು

ಹೋದ ದೀಪಾವಳಿಗೆ ಮನೆಗೆ ಸುಣ್ಣ ಬಳಿಸುವಾಗ ಅಟ್ಟದ ಮೇಲಿದ್ದ ಅವ್ವನ ತಗಡಿನ ಟ್ರಂಕನ್ನು ಕೆಳಗಿಳಿಸಿದೆವು. ಅವ್ವ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಅದರಲ್ಲಿ ಇದ್ದದ್ದು ಎರಡು ಇಳಕಲ್ ಸೀರೆ, ಒಂದು ಬಿದ್ರಿ ಡಬ್ಬಿ, ಅಪ್ಪನ ಕನ್ನಡಕ. ತಳದಲ್ಲಿ ಎಣ್ಣೆಗಡಿಗೆಯ ವಾಸನೆ ಹಿಡಿದ ಅರಿವೆಯ ಗಂಟಿತ್ತು. ಬಿಚ್ಚಿದರೆ ಅಂಚೆ ಕಚೇರಿಯ ಪಾಸ್‌ಬುಕ್ಕು, ಅದರ ಜೊತೆ ಒಂದು ಚೆಕ್ ಬುಕ್ಕು. ಚೆಕ್ ಬುಕ್ಕಿನಲ್ಲಿ ಹರಿದದ್ದು ಮೂರೇ ಹಾಳೆ. ಉಳಿದವು ಹಾಗೆಯೇ ಇದ್ದವು.

ಬೆಂಗಳೂರಿನಿಂದ ಹಬ್ಬಕ್ಕೆ ಬಂದಿದ್ದ ಮಗಳು ಅದನ್ನು ಕೈಯಲ್ಲಿ ಹಿಡಿದು, "ಅಮ್ಮಾ, ಪೋಸ್ಟ್ ಆಫೀಸಿನವರೂ ಚೆಕ್ ಕೊಡ್ತಿದ್ರಾ?" ಎಂದು ಕೇಳಿದಳು. "ಕೊಡ್ತಿದ್ರೇನು, ಈಗಲೂ ಕೊಡ್ತಾರೆ" ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ತಪ್ಪು ಅವಳದಲ್ಲ. ಅಂಚೆ ಕಚೇರಿ ಎಂದರೆ ಕಾರ್ಡು, ಕವರು, ಮನಿಆರ್ಡರು, ಆರ್.ಡಿ. ಪುಸ್ತಕ ಎಂದುಕೊಂಡೇ ನಾವೆಲ್ಲ ಬೆಳೆದವರು. ಚೆಕ್ಕು ಎಂದರೆ ಅದು ಸಾಹುಕಾರರದು, ಬ್ಯಾಂಕಿನದು. ಆದರೆ ಓದು ಬರಹ ಬಾರದ ನಮ್ಮ ಅವ್ವ, ಭಾಲ್ಕಿ ಕಡೆಯ ಒಂದು ಹಳ್ಳಿಯ ಹೆಂಗಸು, ಆ ಚೆಕ್ಕಿನ ಮೂರು ಹಾಳೆ ಬಳಸಿದ್ದಳು. ಆ ಮೂರು ಹಾಳೆಯ ಕತೆ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ, ನಮ್ಮ ಆಯಿಯ ಕಾಲಕ್ಕೆ ಹೋಗಬೇಕು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ.

ಆಯಿಯ ಕಾಲದಲ್ಲಿ ಬೀದರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನಕ್ಕೆ ತನ್ನದೇ ಅಂಚೆ, ತನ್ನದೇ ಚೀಟಿ, ತನ್ನದೇ ನಾಣ್ಯ. 1931ರಲ್ಲಿ ನಿಜಾಮ ಸರ್ಕಾರ ಹೊರಡಿಸಿದ ಚಿತ್ರದ ಅಂಚೆಚೀಟಿಗಳಲ್ಲಿ ಹನ್ನೆರಡಾಣೆಯ ಚೀಟಿಯ ಮೇಲೆ ನಮ್ಮ ಊರಿನ ಮಹಮೂದ್ ಗವಾನನ ಮದರಸಾದ ಚಿತ್ರವಿತ್ತು. ಮಕ್ಕಳಿಗೆ ಚರಿತ್ರೆ ಪಾಠ ಮಾಡುವಾಗ ನಾನು ಇದನ್ನು ತಪ್ಪದೆ ಹೇಳುತ್ತೇನೆ. ದಿನಾ ಅದರ ಮುಂದೆಯೇ ಸೈಕಲ್ ಹೊಡೆದುಕೊಂಡು ಬರುವ ಹುಡುಗರು ಆಗ ಕಣ್ಣರಳಿಸುತ್ತಾರೆ. ಆದರೆ ಹನ್ನೆರಡಾಣೆಯ ಚೀಟಿ ಹಚ್ಚುವಂಥ ಕಾಗದ ನಮ್ಮ ಆಯಿಗೆ ಎಂದೂ ಬರಲಿಲ್ಲ, ಅವಳು ಬರೆಯಲೂ ಇಲ್ಲ.

ಆಗ ನಮ್ಮ ಸೀಮೆಯಲ್ಲಿ ಎರಡು ಥರದ ರೂಪಾಯಿ. ನಿಜಾಮರದು ಹಾಲಿ ಸಿಕ್ಕಾ, ಇಂಗ್ಲಿಷ್ ಸರ್ಕಾರದ್ದು ಕಲ್ದಾರ. ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಕಲ್ದಾರ ಬರುತ್ತಿತ್ತು. ಸಂತೆಗೆ ಹೋಗುವ ಹೆಂಗಸರು ಶಾಲೆಯ ಮೆಟ್ಟಿಲು ಹತ್ತದಿದ್ದರೂ ಈ ಲೆಕ್ಕದಲ್ಲಿ ಒಂದು ಪೈ ತಪ್ಪುತ್ತಿರಲಿಲ್ಲ. ಆಯಿ ಮಜ್ಜಿಗೆ, ಬೆಣ್ಣೆ ಮಾರಿ ಕೂಡಿಸಿದ ಹಾಲಿ ರೂಪಾಯಿಗಳನ್ನು ಒಂದು ಗಡಿಗೆಯಲ್ಲಿ ಹಾಕಿ ದನದ ಕೊಟ್ಟಿಗೆಯ ನೆಲದಲ್ಲಿ ಹೂತಿಟ್ಟಿದ್ದಳು. 1948ರ ರಜಾಕಾರರ ಗಲಾಟೆಯಲ್ಲಿ ಊರಿಗೆ ಊರೇ ಖಾಲಿಯಾಯಿತು. ಗೋರಟಾದಲ್ಲಿ ನಡೆದ ಕಗ್ಗೊಲೆಯ ಸುದ್ದಿ ಬಂದ ಮೇಲೆ ನಮ್ಮವರೂ ಗಾಡಿ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಓಡಿದರು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮರಳಿ ಬಂದಾಗ ಗಡಿಗೆ ಇಟ್ಟಲ್ಲೇ ಇತ್ತು. ಆಯಿ ದೇವರಿಗೆ ಕಾಯಿ ಒಡೆಸಿದಳು.

ಆದರೆ ಅಗೆದು ತೆಗೆದದ್ದು ಮನೆಯ ಗಂಡಸರು. "ಮನ್ಯಾಗ ಸಿಕ್ಕ ರೊಕ್ಕ ಮನೀದು" ಎಂದು ಮುತ್ಯಾ ಅದರಲ್ಲಿ ಒಂದು ಜೋಡಿ ಎತ್ತು ತಂದರು. ಎತ್ತು ಬೇಕಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಆಯಿ ತೀರಿಹೋಗುವತನಕ ಒಂದು ಮಾತು ಹೇಳುತ್ತಿದ್ದಳು: "ಹೂತ ರೊಕ್ಕಕ್ಕ ಹೆಸರು ಇರಲ್ಲ ಕೂಸ. ಯಾರು ಅಗೀತಾರ ಅವರದು." ಆಗ ನಾನು ಸಣ್ಣವಳು, ನನಗೆ ಅರ್ಥವಾಗಿರಲಿಲ್ಲ. ಟ್ರಂಕಿನ ಮುಂದೆ ಕೂತಾಗ ಅರ್ಥವಾಯಿತು.

ರೊಕ್ಕಕ್ಕೆ ಹೆಸರು ಕೊಡುವ ಕೆಲಸವನ್ನೇ ಅಂಚೆಯ ಉಳಿತಾಯ ಬ್ಯಾಂಕು ಮಾಡಿದ್ದು. 1861ರಲ್ಲಿ ಇಂಗ್ಲೆಂಡಿನಲ್ಲಿ ಗ್ಲಾಡ್‌ಸ್ಟನ್ ಹಣಕಾಸಿನ ಮಂತ್ರಿಯಾಗಿದ್ದಾಗ ಇದು ಹುಟ್ಟಿತು. ಬ್ಯಾಂಕಿನ ಬಾಗಿಲು ಕಾಣದ ಕೂಲಿಕಾರರು, ಮನೆಗೆಲಸದ ಹೆಂಗಸರು ತಮ್ಮ ಊರಿನ ಅಂಚೆ ಕಚೇರಿಯಲ್ಲೇ ನಾಲ್ಕು ಕಾಸು ಇಡಲಿ, ಸರ್ಕಾರವೇ ಅದಕ್ಕೆ ಹೊಣೆಯಾಗಲಿ ಎಂಬುದು ಅದರ ಉದ್ದೇಶ. ಆಸೆ ಬರೀ ಪರೋಪಕಾರದ್ದಲ್ಲ, ಹಾಗೆ ಕೂಡಿದ ಹಣ ಸರ್ಕಾರಕ್ಕೂ ಕೆಲಸಕ್ಕೆ ಬರುತ್ತಿತ್ತು. ನಮ್ಮ ದೇಶದಲ್ಲಿ 1873ರಲ್ಲಿ ಸರ್ಕಾರಿ ಉಳಿತಾಯ ಬ್ಯಾಂಕುಗಳ ಕಾಯ್ದೆ ಬಂತು. 1882ರಲ್ಲಿ ಅಂಚೆ ಕಚೇರಿಗಳಲ್ಲಿ ಉಳಿತಾಯ ಬ್ಯಾಂಕು ತೆರೆಯಿತು.

ಆ 1873ರ ಕಾಯ್ದೆಯನ್ನು ನಾನು ಒಮ್ಮೆ ಕುತೂಹಲಕ್ಕೆ ತೆಗೆದು ನೋಡಿದೆ. ಅದರಲ್ಲಿ ಅಪ್ರಾಪ್ತ ಮಕ್ಕಳ ಠೇವಣಿಯ ಮಾತು ಬರುತ್ತದೆ. ಆಮೇಲೆ ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರದು. ಅದಾದ ಮೇಲೆ, ಹದಿಮೂರನೆಯ ಕಲಮಿನಲ್ಲಿ, ಮದುವೆಯಾದ ಹೆಂಗಸಿನ ಠೇವಣಿ! ನಮ್ಮನ್ನು ಯಾರ ಸಾಲಿನಲ್ಲಿ ಕೂಡಿಸಿದ್ದಾರೆ ಎಂದು ನಗು ಬಂತು. ಆದರೆ ಆ ಕಲಮು ಹೇಳುವ ಮಾತು ನಗುವಂಥದ್ದಲ್ಲ. ಮದುವೆಯಾದವಳು ಇಟ್ಟ ಹಣವನ್ನು, ಅಥವಾ ಹಣ ಇಟ್ಟು ಆಮೇಲೆ ಮದುವೆಯಾದವಳ ಹಣವನ್ನು, ಅವಳ ಕೈಗೇ ಕೊಡಬಹುದು ಎನ್ನುತ್ತದೆ ಅದು. ಇಂಗ್ಲೆಂಡಿನಲ್ಲಿಯೇ ಹೆಂಡತಿಯ ಗಳಿಕೆ ಹೆಂಡತಿಯದು ಎಂಬ ಕಾನೂನು ಬಂದು ಆಗ ಮೂರು ವರ್ಷವಾಗಿತ್ತಷ್ಟೇ. ಮನೆಯಲ್ಲಿ ಯಾರೂ ಒಪ್ಪದ ಮಾತನ್ನು ಒಂದು ಅಂಚೆ ಕಿಟಕಿ ಒಪ್ಪಿಕೊಂಡಿತ್ತು ಎನ್ನುವುದು ಸಣ್ಣ ಸಂಗತಿಯಲ್ಲ.

ಆದರೆ ಬ್ರಿಟಿಷ್ ಇಂಡಿಯಾದ ಕಾಯ್ದೆ ನಿಜಾಮರ ಸೀಮೆಗೆ ನಡೆಯುತ್ತಿರಲಿಲ್ಲ. ಮೈಸೂರಿನವರ ಅಂಚೆ 1889ರಲ್ಲಿಯೇ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಗಿತ್ತು. ನಮ್ಮದು ಸೇರಿದ್ದು 1950ರ ಏಪ್ರಿಲಿನಲ್ಲಿ. ಅರವತ್ತೊಂದು ವರ್ಷ ತಡ. ಹಾಲಿ ಸಿಕ್ಕಾ ಆಮೇಲೂ ಕೆಲಕಾಲ ಕೈಯಿಂದ ಕೈಗೆ ನಡೆದು, 1959ರಲ್ಲಿ ಪೂರ್ತಿ ರದ್ದಾಯಿತು. ಬೀದರ, ಭಾಲ್ಕಿ, ಔರಾದಿನ ಹಳೆಯ ಮುದುಕಿಯರ ಕೊರಳಲ್ಲಿ ಆ ಬೆಳ್ಳಿ ರೂಪಾಯಿಯ ಸರ ನೋಡಿದವರು ನನ್ನ ವಯಸ್ಸಿನವರಲ್ಲಿ ಇನ್ನೂ ಇದ್ದೀರಿ. ಚಲಾವಣೆ ನಿಂತ ದುಡ್ಡು ಕೊರಳಿಗೆ ಬಂತು ಎಂದು ನಾವು ನಗುತ್ತಿದ್ದೆವು.

1955, 56ರ ಆಸುಪಾಸು ನಮ್ಮ ಪಾಲಿಗೆ ಬಹಳ ದೊಡ್ಡ ವರ್ಷಗಳು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿತು, ಇದನ್ನು ನಾವು ವರ್ಷವರ್ಷವೂ ಧ್ವಜ ಏರಿಸಿ ನೆನೆಯುತ್ತೇವೆ. ಅದೇ ವರ್ಷ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು, ಹೆಣ್ಣಿನ ಹೆಸರಿನಲ್ಲಿರುವ ಆಸ್ತಿ ಪೂರ್ತಿ ಅವಳದೇ ಎಂದಿತು. ಇದನ್ನು ಅಷ್ಟಾಗಿ ನೆನೆಯುವುದಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 1955ರಲ್ಲಿ, ಚೆಕ್ಕು ಹುಂಡಿಗಳ 1881ರ ಕಾಯ್ದೆಗೆ ಒಂದು ತಿದ್ದುಪಡಿ ಆಗಿತ್ತು. ಇದನ್ನಂತೂ ಯಾರೂ ನೆನೆಯುವುದಿಲ್ಲ. "ಬ್ಯಾಂಕರ್" ಎಂದರೆ ಯಾರು ಎಂದು ಹೇಳುವಲ್ಲಿ, ಅಂಚೆ ಕಚೇರಿಯ ಉಳಿತಾಯ ಬ್ಯಾಂಕೂ ಅದರಲ್ಲಿ ಸೇರುತ್ತದೆ ಎಂದು ಬರೆದರು. ಅಷ್ಟೇ, ಒಂದು ಸಾಲು. ಕಾನೂನಿನ ಪ್ರಕಾರ ಚೆಕ್ಕು ಎಂದರೆ ಬ್ಯಾಂಕರನ ಮೇಲೆ ಬರೆದ ಆಜ್ಞೆ. ಅಂಚೆ ಕಚೇರಿಯನ್ನು ಬ್ಯಾಂಕರ್ ಎಂದು ಒಪ್ಪಿದ ಮೇಲೆ ಅದರ ಮೇಲೆ ಬರೆದ ಚೀಟಿಯೂ ಚೆಕ್ಕೇ ಆಯಿತು.

ಇದು ನಮ್ಮವರೇ ಮೊದಲು ಕಂಡುಹಿಡಿದದ್ದೇನಲ್ಲ. 1883ರಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ಗಿಯೋರ್ಗ್ ಕೋಖ್ ಎಂಬಾತ ಅಂಚೆ ಉಳಿತಾಯ ಬ್ಯಾಂಕು ಕಟ್ಟಿದಾಗಲೇ ಚೆಕ್ಕನ್ನೂ ತಂದಿದ್ದ. ಸಣ್ಣ ಅಂಗಡಿಯವರು ಗಂಟು ಹೊತ್ತು ತಿರುಗುವ ಬದಲು ಒಂದು ಚೀಟಿ ಬರೆದರೆ ಇವರ ಖಾತೆಯಿಂದ ಅವರ ಖಾತೆಗೆ ಹಣ ಹೋಗುತ್ತಿತ್ತು. ಆಮೇಲೆ ಜಪಾನು, ಜರ್ಮನಿ, ಫ್ರಾನ್ಸು ಇದನ್ನು ಹಿಡಿದವು. ಅಂಚೆ ಉಳಿತಾಯ ಹುಟ್ಟಿದ ಇಂಗ್ಲೆಂಡಿಗೇ ಅಂಚೆಯ ಈ ವ್ಯವಸ್ಥೆ ಬಂದದ್ದು 1968ರಲ್ಲಿ. ಹಣ ಇಡಿಸಿಕೊಳ್ಳಲು ಸರ್ಕಾರಗಳಿಗೆ ಇದ್ದ ಅವಸರ, ಬಡವರ ಕೈಗೆ ಚೆಕ್ಕು ಕೊಡಲು ಇರಲಿಲ್ಲ ಎಂದು ಕಾಣುತ್ತದೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಹಣ ಇಡುವುದು ಬೇರೆ, ಹಣಕ್ಕೆ ಆಜ್ಞೆ ಮಾಡುವುದು ಬೇರೆ. ಇದನ್ನು ನನಗೆ ಕಲಿಸಿದವಳು ಅವ್ವ.

ಅಪ್ಪ 1984ರಲ್ಲಿ ತೀರಿಕೊಂಡರು. ಆರು ಎಕರೆ ಹೊಲ, ಎರಡು ಎಮ್ಮೆ, ನಾವು ಇಬ್ಬರು ಹೆಣ್ಣುಮಕ್ಕಳು. ಹೊಲದ ಉದ್ದು, ತೊಗರಿಯ ಲೆಕ್ಕ ಕಾಕಾನ ಕೈಯಲ್ಲಿ. ಹಾಲಿನ ಲೆಕ್ಕ ಅವ್ವನ ಕೈಯಲ್ಲಿ. ಆಗ ಊರಿಗೆ ಒಬ್ಬ ಅಕ್ಕ ಬರುತ್ತಿದ್ದಳು, ಅಂಚೆಯ ಏಜೆಂಟಳು. 1972ರಲ್ಲಿ ಸರ್ಕಾರ ಹೆಂಗಸರನ್ನೇ ಏಜೆಂಟರನ್ನಾಗಿ ಮಾಡಿ ಮನೆಮನೆಯಿಂದ ಆರ್.ಡಿ. ಕಟ್ಟಿಸಿಕೊಳ್ಳುವ ಯೋಜನೆ ತಂದಿತ್ತಲ್ಲ, ಅದರವಳು. ಗಂಡಸರು ಹೊಲಕ್ಕೆ ಹೋದ ಹೊತ್ತು ನೋಡಿ ಬಂದು ಅಡಿಗೆಮನೆಯ ಹೊಸ್ತಿಲಲ್ಲಿ ಕೂಡುತ್ತಿದ್ದಳು. ತಿಂಗಳಿಗೆ ಹತ್ತು ರೂಪಾಯಿ. ಆ ಅಕ್ಕನ ಚೀಲದಲ್ಲಿ ಅರ್ಧ ಊರಿನ ಹೆಂಗಸರ ಗುಟ್ಟು ಇರುತ್ತಿತ್ತು. ಅವಳ ಮಾತಿನಿಂದಲೇ ಅವ್ವ ಅಂಚೆಯಲ್ಲಿ ಉಳಿತಾಯ ಖಾತೆ ತೆರೆದಳು.

ಆಮೇಲೆ 1993ರ ಅಕ್ಟೋಬರಿನಲ್ಲಿ ಮಹಿಳಾ ಸಮೃದ್ಧಿ ಯೋಜನೆ ಬಂತು. ಹಳ್ಳಿಯ ಹೆಂಗಸು ಅಂಚೆಯಲ್ಲಿ 300 ರೂಪಾಯಿ ಇಟ್ಟು ಒಂದು ವರ್ಷ ಮುಟ್ಟದಿದ್ದರೆ ಸರ್ಕಾರ 75 ರೂಪಾಯಿ ಸೇರಿಸುತ್ತಿತ್ತು. ನಾನು ಆ ವರ್ಷವೇ ಶಾಲೆಗೆ ಸೇರಿದ್ದೆ. ಅವ್ವನಿಗೆ ಫಾರಂ ತುಂಬಿಕೊಟ್ಟೆ. ವರ್ಷ ಕಳೆದು 375 ಬಂದಾಗ ಅವಳು ಆ ಎಪ್ಪತ್ತೈದನ್ನು ಬೇರೆ ಎಣಿಸಿ ಬೇರೆ ಗಂಟು ಕಟ್ಟಿದಳು. "ಇದು ಸರ್ಕಾರ ನನ್ನ ಹೆಸರಿಗೆ ಕೊಟ್ಟದ್ದು" ಎನ್ನುತ್ತಿದ್ದಳು.

ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಂಡ ಕಲ್ಯಾಣ ನಮ್ಮ ಜಿಲ್ಲೆಯಲ್ಲಿಯೇ ಇದೆ. ನಾಳೆಗೆಂದು ಕೂಡಿಡಬಾರದು ಎಂಬ ಮಾತು ನಮ್ಮ ಮನೆಗಳಲ್ಲಿ ಹಾಲಿನ ಜೊತೆ ಕುಡಿಸಿರುತ್ತಾರೆ. ಗಂಡ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಮರಳಿ ಅಲ್ಲೇ ಚೆಲ್ಲಿ ಬಾ ಎಂದ ಆಯ್ದಕ್ಕಿ ಲಕ್ಕಮ್ಮನ ಕತೆ ಯಾರಿಗೆ ಗೊತ್ತಿಲ್ಲ? ಒಮ್ಮೆ ಕಾಕಾ ಇದನ್ನೇ ಎತ್ತಿ ಅವ್ವನನ್ನು ಹಂಗಿಸಿದರು. ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಚೆಲ್ಲು ಅನ್ನಲಿಕ್ಕ ಲಕ್ಕಮ್ಮನ ಮಾತು ಮನ್ಯಾಗ ನಡೀತಿತ್ತು. ನಮ್ಮ ಮಾತು ಎಲ್ಲಿ ನಡೀತದ? ಮೊದಲ ಕೈಗೆ ಬರಲಿ, ಆಮ್ಯಾಲ ಚೆಲ್ಲೋದು ನೋಡಮಿ." ಕಾಕಾ ಮಾತಾಡದೆ ಎದ್ದು ಹೋದರು.

ಆದರೆ ಅವ್ವನ ಖಾತೆಗೂ ಒಂದು ಕುಂದಿತ್ತು. ಅದು ಹೆಬ್ಬೆಟ್ಟಿನ ಖಾತೆ. ಹಣ ತೆಗೆಯಬೇಕಾದರೆ ಅಂಚೆಯವರಿಗೆ ಗೊತ್ತಿರುವ ಒಬ್ಬ ಸಾಕ್ಷಿ ಸಹಿ ಹಾಕಬೇಕು. ಸಾಕ್ಷಿ ಯಾರು? ಕಾಕಾನೇ. ಅವ್ವ ನೂರು ರೂಪಾಯಿ ತೆಗೆದರೆ ದೀಪ ಹಚ್ಚುವ ಹೊತ್ತಿಗೆ ಓಣಿಗೆಲ್ಲ ಗೊತ್ತಾಗುತ್ತಿತ್ತು. "ಯಾಕ ತೆಗದಿ, ಯಾರಿಗೆ ಕೊಟ್ಟಿ" ಎಂಬ ಪ್ರಶ್ನೆಗಳು. ಆಯಿಯ ರೊಕ್ಕಕ್ಕೆ ಹೆಸರಿರಲಿಲ್ಲ. ಅವ್ವನ ರೊಕ್ಕಕ್ಕೆ ಹೆಸರಿತ್ತು, ಗುಟ್ಟು ಇರಲಿಲ್ಲ.

ಆಗ ಎಲ್ಲೆಲ್ಲೂ ಸಾಕ್ಷರತೆಯ ಗಾಳಿ. ಮಾಸ್ತರರು, ಟೀಚರುಗಳು ಹಗಲು ಮಕ್ಕಳಿಗೆ, ರಾತ್ರಿ ಕಂದೀಲಿನ ಮುಂದೆ ಮುದುಕರಿಗೆ ಪಾಠ ಹೇಳುತ್ತಿದ್ದೆವು. ಊರವರಿಗೆಲ್ಲ ಕಲಿಸುವ ನಾನು ಅವ್ವನಿಗೆ ಕಲಿಸದಿದ್ದರೆ ಹೇಗೆ? ರಜೆಗೆ ಹೋದಾಗ ಪಾಟಿ ಹಿಡಿಸಿದೆ. ಅವಳಿಗೆ ಪೂರ್ತಿ ಅಕ್ಷರ ಕಲಿಯುವ ತಾಳ್ಮೆ ಇರಲಿಲ್ಲ. "ನನ್ನ ಹೆಸರಷ್ಟು ಕಲಿಸು, ಉಳಿದದ್ದು ನೀ ಓದು" ಎಂದಳು. ನಾಲ್ಕು ತಿಂಗಳು ಒಲೆಯ ಬೂದಿಯಲ್ಲಿ, ಹಿಟ್ಟಿನ ಪರಾತದಲ್ಲಿ ಬೆರಳಾಡಿಸಿ ತಿದ್ದಿದಳು. ಕಡೆಗೆ ಒಂದೇ ಥರದ ಸಹಿ ಬಂತು. ಅದರಲ್ಲಿ ಒಂದು ಒತ್ತಕ್ಷರ ಯಾವಾಗಲೂ ಬಾಲ ಮುರಿದುಕೊಂಡೇ ಇರುತ್ತಿತ್ತು. ಇರಲಿ, ಸಹಿಗೆ ಅದೇ ಗುರುತಾಯಿತು. ಅಂಚೆಯಲ್ಲಿ ಹೆಬ್ಬೆಟ್ಟು ತೆಗೆಸಿ ಸಹಿಯ ಮಾದರಿ ಕೊಟ್ಟು ಬಂದೆವು.

ಚೆಕ್ಕಿನ ಅಗತ್ಯ ಬಿದ್ದದ್ದು ತಂಗಿಯಿಂದ. ಅವಳನ್ನು ಔರಾದ ಕಡೆ ಕೊಟ್ಟಿತ್ತು. ಹತ್ತನೇ ಇಯತ್ತೆ ಪಾಸಾಗಿದ್ದಳು. ಕಿರಿಯ ಆರೋಗ್ಯ ಸಹಾಯಕಿಯ ತರಬೇತಿಗೆ ಹೋಗಬೇಕೆಂದು ಆಸೆ. ಮನೆಯವರು "ರೊಕ್ಕ ನೀನೇ ಹೊಂದಿಸಿಕೊಂಡರೆ ಹೋಗು" ಎಂದಿದ್ದರು. ಹೊಂದಲಾರದು ಎಂಬ ಧೈರ್ಯದಿಂದ ಹೇಳಿದ ಮಾತು ಅದು. ಅವ್ವ ಹಿಂದೆ ಒಮ್ಮೆ ಪಂಚಮಿಗೆ ಮುನ್ನೂರು ರೂಪಾಯಿ ಮನಿಆರ್ಡರು ಕಳಿಸಿದ್ದಳು. ಪೋಸ್ಟ್‌ಮನ್ ಧರ್ಮವಾಗಿ ತಂಗಿಯ ಸಹಿಯನ್ನೇ ಪಡೆದು, ಅವಳ ಕೈಗೇ ಎಣಿಸಿ ಕೊಟ್ಟಿದ್ದ. ಆದರೆ ಕೊಟ್ಟದ್ದು ಅಂಗಳದಲ್ಲಿ, ಎಲ್ಲರ ಕಣ್ಣ ಮುಂದೆ. ಅವನು ಓಣಿ ದಾಟುವುದರೊಳಗೆ ಆ ನೋಟುಗಳು ಬಿತ್ತನೆ ಬೀಜಕ್ಕೆ ಹೋಗಿದ್ದವು.

1996ರಲ್ಲಿ ನಾನು ಸಂಬಳದ ಕೆಲಸಕ್ಕೆಂದು ಅಂಚೆ ಕಚೇರಿಗೆ ಹೋದಾಗ ಗೋಡೆಯ ಮೇಲಿನ ನಿಯಮಗಳ ಹಲಗೆಯಲ್ಲಿ "ಚೆಕ್ ಸೌಲಭ್ಯ" ಎಂಬ ಮಾತು ಕಣ್ಣಿಗೆ ಬಿತ್ತು. ಅಷ್ಟು ವರ್ಷ ಅದೇ ಹಲಗೆಯ ಕೆಳಗೆ ಸಾಲಿನಲ್ಲಿ ನಿಂತಿದ್ದೆ, ಓದಿರಲಿಲ್ಲ. ಕೇಳಿದೆ. ಖಾತೆಯಲ್ಲಿ ಸಾಮಾನ್ಯ ಖಾತೆಗಿಂತ ಹೆಚ್ಚಿನ ಮೊತ್ತ ಸದಾ ಉಳಿದಿರಬೇಕು, ಸಹಿ ಮಾಡಲು ಬರಬೇಕು, ಅಷ್ಟೇ ಎಂದರು. ಅವ್ವನನ್ನು ಕರೆದುಕೊಂಡು ಹೋದೆ. ಅಲ್ಲಿದ್ದ ಪೋಸ್ಟ್ ಮಾಸ್ತರರು ಒಳ್ಳೆಯವರು. ಆದರೂ ನಗುತ್ತ, "ಚೆಕ್ಕು ಯಾಕವ್ವ ನಿನಗ? ವ್ಯಾಪಾರ ಏನರ ಸುರು ಮಾಡೀದಿ?" ಎಂದರು. ಅವ್ವ ಸೆರಗು ಸರಿಮಾಡಿಕೊಂಡು, "ವ್ಯಾಪಾರ ಇಲ್ರಿ. ರೊಕ್ಕ ನಂದು. ಯಾರಿಗಿ ಮುಟ್ಟಬೇಕು ಅಂತ ನಾನೇ ಬರಸ್ತೀನಿ" ಎಂದಳು. ಅವರು ಮತ್ತೇನೂ ಕೇಳಲಿಲ್ಲ.

ಈಗ ಆ ಮೂರು ಹಾಳೆಯ ಮಾತು.

ಮೊದಲನೆಯದು ಕೆಟ್ಟುಹೋಯಿತು. ಕೈ ನಡುಗಿ ಸಹಿ ಗೆರೆಯಿಂದ ಕೆಳಗೆ ಇಳಿಯಿತು, ಮೇಲಿಂದ ಮಸಿ ಒರೆಸಲು ಹೋಗಿ ಇನ್ನಷ್ಟು ಬಳಿದುಕೊಂಡಿತು. ಅದಕ್ಕೆ ಅಡ್ಡ ಹೊಡೆದು "ರದ್ದು" ಎಂದು ಬರೆದೆ. ಅವ್ವನಿಗೆ ಒಂದು ಹಾಳೆ ಹಾಳಾಯಿತೆಂದು ಎರಡು ದಿನ ಸಂಕಟ.

ಎರಡನೆಯದು ತಂಗಿಯ ಹೆಸರಿಗೆ, 1500 ರೂಪಾಯಿ. ಹೆಸರು, ಮೊತ್ತ ನಾನು ಬರೆದೆ. ಸಹಿ ಅವ್ವ ಮಾಡಿದಳು. ಎಡ ಮೂಲೆಯಲ್ಲಿ ಎರಡು ಅಡ್ಡಗೆರೆ ಎಳೆದು, ಪಡೆಯುವವರ ಖಾತೆಗೆ ಮಾತ್ರ ಎಂದು ಬರೆದೆ. "ಆ ಗೆರೆ ಯಾಕ?" ಎಂದಳು. "ಅವ್ವಾ, ಈ ಗೆರೆ ಇದ್ದರ ಇದನ್ನ ಯಾರೂ ಕಿಟಕಿಯಾಗ ಕೊಟ್ಟು ನಗದು ತಗೊಳ್ಳಲಿಕ್ಕ ಬರಂಗಿಲ್ಲ. ತಂಗಿಯ ಹೆಸರಿನ ಖಾತೆಗೇ ಹೋಗಬೇಕು" ಎಂದೆ. ಅವಳು ಆ ಎರಡು ಗೆರೆಗಳ ಮೇಲೆ ಬೆರಳಾಡಿಸಿ, "ಸೀತಮ್ಮಗ ಲಕ್ಷ್ಮಣ ಎಳದಂಗ" ಎಂದಳು. ಸ್ವಲ್ಪ ತಡೆದು, "ಅದು ಹೆಂಗಸು ದಾಟಬಾರದಂತ ಎಳದಿದ್ದು. ಇದು ಮಂದಿ ದಾಟಬಾರದಂತ" ಎಂದಳು.

ತಂಗಿಗೆ ಖಾತೆ ಇರಲಿಲ್ಲ. ಚೆಕ್ಕು ಕೈಯಲ್ಲಿ ಹಿಡಿದ ಮೇಲೆ ಖಾತೆ ತೆರೆಯಲೇಬೇಕಾಯಿತು. ಊರಿನ ಶಾಲೆಯ ಹೆಡ್‌ಮೇಡಂ ಪರಿಚಯದ ಸಹಿ ಹಾಕಿದರು. ಮನೆಯವರು ಚೆಕ್ಕನ್ನು ಅತ್ತಿತ್ತ ತಿರುಗಿಸಿ ನೋಡಿ, ಅದರಿಂದ ಬೀಜ ತರಲು ಬರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಮರಳಿ ಕೊಟ್ಟರು. ಆ ಕಾಲಕ್ಕೆ ಒಂದು ಊರಿನ ಅಂಚೆಯ ಚೆಕ್ಕನ್ನು ಇನ್ನೊಂದು ಊರಿನಲ್ಲಿ ಹಾಕಿದರೆ ಅದು ಮೂಲ ಕಚೇರಿಗೆ ಹೋಗಿ, ಸಹಿ ತಾಳೆಯಾಗಿ, ಮಂಜೂರಾಗಿ ಬರಬೇಕಿತ್ತು. ಎರಡು ವಾರಕ್ಕೂ ಮೇಲಾಯಿತು. ಅಷ್ಟು ದಿನವೂ ಅವ್ವ, "ನನ್ನ ಸಹಿ ಒಪ್ಪಿದರೋ ಇಲ್ಲೋ" ಎಂದು ಕೇಳುತ್ತಲೇ ಇದ್ದಳು. ಹಣ ಜಮೆಯಾದ ಕಾಗದ ತಂಗಿಯಿಂದ ಬಂದ ದಿನ ಮನೆಯಲ್ಲಿ ಹೋಳಿಗೆ ಆಯಿತು.

ಮೂರನೆಯದು ತರಬೇತಿಯ ಎರಡನೇ ಕಂತಿನ ಫೀಸಿಗೆ, ನೇರ ಸಂಸ್ಥೆಯ ಹೆಸರಿಗೇ ಬರೆದದ್ದು. ಯಾವ ಸಂಸ್ಥೆ ಎಂಬುದು ಬೇಡ. ಅಲ್ಲಿಯ ಕಾರಕೂನರು ಚೆಕ್ಕನ್ನು ಬೆರಳ ತುದಿಯಲ್ಲಿ ಹಿಡಿದು, "ಪೋಸ್ಟಿನ ಚೆಕ್ಕು ನಡೆಯಲ್ಲ, ಬ್ಯಾಂಕಿನ ಡಿ.ಡಿ. ತನ್ನಿ" ಎಂದರು. ನಾನು ಕಾಯ್ದೆ, ಕಲಮು ಎಂದು ಏನೋ ಹೇಳಹೋದೆ. ಅವರು ಮುಂದಿನವರನ್ನು ಕರೆದರು. ಅವ್ವ ಹಣ ತೆಗೆದು, ಬ್ಯಾಂಕಿನ ಸಾಲಿನಲ್ಲಿ ನಿಂತು, ಕಮಿಷನ್ ಕೊಟ್ಟು ಡಿ.ಡಿ. ಮಾಡಿಸಿದಳು. ಆ ಚೆಕ್ಕನ್ನು ಹರಿದೊಗೆಯಲಿಲ್ಲ. ಮಡಿಚಿ ಪಾಸ್‌ಬುಕ್ಕಿನಲ್ಲಿ ಇಟ್ಟಿದ್ದಳು. ಈಗಲೂ ಅಲ್ಲೇ ಇದೆ, ಬಾಲ ಮುರಿದ ಒತ್ತಕ್ಷರದ ಸಹಿಯೊಡನೆ. ಅದಾದ ಮೇಲೆ ಅವಳು ನಾಲ್ಕನೆಯ ಹಾಳೆ ಬರೆಯಲಿಲ್ಲ. ತಂಗಿ ತರಬೇತಿ ಮುಗಿಸಿದಳು, ನೌಕರಿಗೆ ಸೇರಿದಳು. ಅವಳ ಖಾತೆಗೆ ಸಂಬಳ ಬರತೊಡಗಿದ ಮೇಲೆ ಅವ್ವನ ಚೆಕ್ಕಿನ ಕೆಲಸ ಮುಗಿಯಿತು.

ಕಾನೂನು ಒಪ್ಪಿ ನಾಲ್ಕು ದಶಕವಾದರೂ ಒಬ್ಬ ಕಾರಕೂನರು ಒಪ್ಪಲಿಲ್ಲವೆಂದು ನನಗೆ ಬಹಳ ದಿನ ಸಿಟ್ಟಿತ್ತು. ಈಗ ನೋಡಿದರೆ ಅದಕ್ಕೆ ಕಾರಣವೂ ಇತ್ತು ಅನಿಸುತ್ತದೆ. ಅಂಚೆಯ ಖಾತೆಗಳು ಆಯಾ ಕಚೇರಿಯ ಲೆಡ್ಜರಿನಲ್ಲೇ ಇದ್ದವು, ಒಂದು ಕಚೇರಿಯ ಲೆಕ್ಕ ಇನ್ನೊಂದಕ್ಕೆ ಕಾಣುತ್ತಿರಲಿಲ್ಲ. 2013ರಿಂದ ಅಂಚೆ ಕಚೇರಿಗಳನ್ನು ಕಂಪ್ಯೂಟರಿನ ಒಂದೇ ಜಾಲಕ್ಕೆ ಸೇರಿಸುತ್ತ ಬಂದರು. 2014ರ ಫೆಬ್ರುವರಿಯಲ್ಲಿ ಚೆನ್ನೈಯ ತ್ಯಾಗರಾಯನಗರದಲ್ಲಿ ಅಂಚೆಯ ಮೊದಲ ಎ.ಟಿ.ಎಂ. ತೆರೆಯಿತು. 2018ರಲ್ಲಿ ಅಂಚೆಯ ಪೇಮೆಂಟ್ಸ್ ಬ್ಯಾಂಕು ಬಂತು. 2022ರ ಮೇ ತಿಂಗಳಿಂದ ಅಂಚೆಯ ಉಳಿತಾಯ ಖಾತೆಯಿಂದ ಬೇರೆ ಬ್ಯಾಂಕಿಗೆ ನೇರ ಹಣ ಕಳಿಸುವ ವ್ಯವಸ್ಥೆಯೂ ಆಯಿತು. ಮೊದಲು ಚೆಕ್ಕಿಲ್ಲದ ಖಾತೆಗೆ ಕನಿಷ್ಠ 50, ಚೆಕ್ಕಿನ ಖಾತೆಗೆ 500 ಎಂಬ ಭೇದವಿತ್ತು. 2019ರ ಡಿಸೆಂಬರಿನ ಹೊಸ ನಿಯಮದಲ್ಲಿ ಉಳಿತಾಯ ಖಾತೆಗೆಲ್ಲ 500 ಎಂದಾಯಿತು. ಚೆಕ್ಕಿನ ಅಂತಸ್ತು ಎಲ್ಲರಿಗೂ ಬಂತು ಎನ್ನಬೇಕೋ, ಐವತ್ತು ರೂಪಾಯಿಯಲ್ಲಿ ಖಾತೆ ಉಳಿಸಿಕೊಂಡಿದ್ದ ಮುದುಕಿಗೆ ಭಾರವಾಯಿತು ಎನ್ನಬೇಕೋ, ಎರಡೂ ನಿಜ.

ಎಲ್ಲಕ್ಕಿಂತ ನನಗೆ ವಿಚಿತ್ರವೆನಿಸುವುದು ಬೇರೊಂದು. ಈಗ ಪೋಸ್ಟ್‌ಮನ್ ಸಣ್ಣ ಯಂತ್ರ ಹಿಡಿದು ಮನೆ ಬಾಗಿಲಿಗೆ ಬರುತ್ತಾನೆ. ಆಧಾರ್ ಜೋಡಿಸಿದ ಖಾತೆಯಿದ್ದರೆ ಬೆರಳು ಒತ್ತಿಸಿಕೊಂಡು ಹಣ ಕೊಡುತ್ತಾನೆ. ಸಾಕ್ಷಿ ಬೇಡ, ಸಹಿ ಬೇಡ. ಅವ್ವನಿಗೆ ಯಾವ ಹೆಬ್ಬೆಟ್ಟು ಅಡ್ಡಿಯಾಗಿತ್ತೋ ಅದೇ ಹೆಬ್ಬೆಟ್ಟು ಈಗ ಕೀಲಿಕೈ. ಬೂದಿಯಲ್ಲಿ ನಾಲ್ಕು ತಿಂಗಳು ತಿದ್ದಿದ್ದು ವ್ಯರ್ಥವಾಯಿತೇ ಎಂದು ಒಂದು ಕ್ಷಣ ಅನಿಸಿತು.

ಇಲ್ಲ ಅನಿಸುತ್ತದೆ. 2023ರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಬರತೊಡಗಿದ ಮೇಲೆ ನಮ್ಮ ಶಾಲೆಯ ತಾಯಂದಿರ ಸಭೆಯಲ್ಲಿ ನಾನು ಒಂದು ಪ್ರಶ್ನೆ ಕೇಳಿದೆ. "ರೊಕ್ಕ ನಿಮ್ಮ ಹೆಸರಿಗೆ ಬರ್ತದ, ಸರಿ. ಮೆಸೇಜು ಯಾರ ಫೋನಿಗೆ ಬರ್ತದ? ಕಾರ್ಡಿನ ನಂಬರು ಯಾರಿಗೆ ಗೊತ್ತದ?" ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು "ಮಗಂದು" ಎಂದಳು. ಇನ್ನೊಬ್ಬಳು "ಅವರದು" ಎಂದಳು. ಮತ್ತೊಬ್ಬಳು ನಕ್ಕು, "ನಂಬರು ನಂಗೇನು ಗೊತ್ತು ಟೀಚರ್, ಅಂಗಡಿಯವನಿಗೆ ಗೊತ್ತು" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ಆಯಿಯ ಗಡಿಗೆ ನೆನಪಾಯಿತು.

ಹಬ್ಬ ಮುಗಿಸಿ ಹೊರಟ ಮಗಳು ಆ ಚೆಕ್ ಬುಕ್ಕನ್ನು ತನಗೆ ಕೊಡು ಎಂದಳು. ಮೊದಲು ಅವಳಿಗೊಂದು ಮಾತು ಕೇಳಿದೆ: "ನಿನ್ನ ಸಂಬಳದ ಖಾತೆಯ ಲೆಕ್ಕ ನೀನು ನೋಡ್ತೀಯೋ, ಇಲ್ಲ ಅಳಿಯಂದಿರು ನೋಡ್ತಾರೋ?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರೇ ನೋಡ್ತಾರಮ್ಮ, ನಂಗೆ ಟೈಮ್ ಎಲ್ಲಿ" ಎಂದಳು. ನಾನೇನೂ ಹೇಳಲಿಲ್ಲ. ಪಾಸ್‌ಬುಕ್ಕಿನಿಂದ ಆ ಮೂರನೆಯ ಹಾಳೆ ತೆಗೆದು, ಅದರ ಮೇಲಿನ ಸಹಿ ತೋರಿಸಿ, ಇದನ್ನು ಕಲಿಯಲು ನಿನ್ನ ಅಜ್ಜಿಗೆ ನಾಲ್ಕು ತಿಂಗಳು ಹಿಡಿಯಿತು ಎಂದಷ್ಟೇ ಹೇಳಿ ಅವಳ ಚೀಲದಲ್ಲಿ ಇಟ್ಟೆ. ಚೆಕ್ ಬುಕ್ಕನ್ನು ಮಾತ್ರ ಮರಳಿ ಟ್ರಂಕಿನಲ್ಲಿ ಇಟ್ಟು ಕೀಲಿ ಹಾಕಿದೆ.